ಕರೆಂಟ್ ಬರುವ ಹೊತ್ತು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡಬೇಕೆಂದರೆ ಮೊದಲು ಕರೆಂಟ್ ಹೋಗಬೇಕಿತ್ತು. ಮನೆಗೆ ಎರಡೋ ನಾಲ್ಕೋ ಮಗ್ಗ, ಮಗ್ಗಕ್ಕೊಂದು ಮೋಟಾರು. ಕರೆಂಟ್ ಇದ್ದಷ್ಟು ಹೊತ್ತು ಲಾಳಿ ಓಡಬೇಕು. ಲಾಳಿ ಓಡುತ್ತಿರುವಾಗ ಬ್ಯಾಟ್ ಹಿಡಿದು ಹೊರಟವನನ್ನು ಮನೆಯವರಷ್ಟೇ ಅಲ್ಲ, ಎದುರುಮನೆಯವರೂ ಬೈಯುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳ ಬೇಸಿಗೆಯಲ್ಲಿ ಮಾತ್ರ ಬೈಸಿಕೊಳ್ಳದೆ ಆಡುವ ಭಾಗ್ಯ ನಮಗೆ ಬೇಕಾದಷ್ಟು ಸಿಕ್ಕಿತು. ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತಿತ್ತು. ವಾರಕ್ಕೊಂದು ದಿನ ಲೈನ್ ಕೆಲಸವೆಂದು ಬೆಳಿಗ್ಗೆ ತೆಗೆದರೆ ಸಂಜೆ ಐದರವರೆಗೂ ಇರುತ್ತಿರಲಿಲ್ಲ. ಆ ದಿನ ಬೀದಿಗೆ ಬೀದಿಯೇ ಸದ್ದಡಗಿ, ಪಕ್ಕದ ಮನೆಯ ಒಗ್ಗರಣೆಯ ಚಟಪಟ ಕೂಡ ಕೇಳುತ್ತಿತ್ತು. ನಾವು ಒಂದಿಪ್ಪತ್ತು ಜನ ಬೀದಿಯ ಹಿಂದಿನ ಕೆರೆಯಂಗಳಕ್ಕೆ ಇಳಿಯುತ್ತಿದ್ದೆವು. ನೀರು ಬತ್ತಿದ ಕೆರೆ, ಗಟ್ಟಿ ನೆಲ, ಚೆಂಡು ಮೊಣಕಾಲಿಗಿಂತ ಮೇಲೆ ಏಳುತ್ತಲೇ ಇರಲಿಲ್ಲ.

ಕೆರೆಯಾಚೆ ಒಂದು ಹಳ್ಳಿ. ಅಲ್ಲಿಯವರು ಒಕ್ಕಲುತನದವರು. ರಾಗಿ, ಹಿಪ್ಪುನೇರಳೆ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ. ಅವರಿಗೂ ನಮಗೂ ಒಂದೇ ಲೈನ್. ನಮ್ಮ ಮಗ್ಗ ನಿಂತ ಗಳಿಗೆಯಲ್ಲೇ ಅವರ ಪಂಪ್‌ಸೆಟ್ಟೂ ನಿಲ್ಲುತ್ತಿತ್ತು. ಹೀಗಾಗಿ ಆಡುವ ಬಿಡುವು ಇಬ್ಬರಿಗೂ ಒಟ್ಟಿಗೆ ಸಿಗುತ್ತಿತ್ತು, ಒಟ್ಟಿಗೇ ಮುಗಿಯುತ್ತಿತ್ತು. ಕರೆಂಟ್ ಬಂತೆಂದರೆ ನಾವು ಮಗ್ಗಕ್ಕೆ ಓಡಬೇಕು, ಅವರು ತೋಟಕ್ಕೆ ನೀರು ಕಟ್ಟಲು ಓಡಬೇಕು. ಚೆಂಡು ಗಾಳಿಯಲ್ಲಿದ್ದರೂ ಅಷ್ಟೇ. ಕ್ಯಾಚ್ ಹಿಡಿಯಲು ಕೈಯೊಡ್ಡಿ ನಿಂತವನು ಕೈ ಇಳಿಸಿ ಮನೆ ಕಡೆ ಓಡಿದ್ದನ್ನು ನಾನೇ ನೋಡಿದ್ದೇನೆ.

ಇದಕ್ಕಾಗಿ ನಮ್ಮ ಆಟಕ್ಕೆ ನಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಇಪ್ಪತ್ತು ಓವರಿನ ಆಟ. ಎರಡನೆಯ ತಂಡ ಹತ್ತು ಓವರ್ ಮುಗಿಸುವ ಮೊದಲೇ ಕರೆಂಟ್ ಬಂದರೆ ಆಟ ರದ್ದು, ಇನ್ನೊಂದು ದಿನ ಹೊಸದಾಗಿ ಆಡುವುದು. ಹತ್ತು ಓವರ್ ದಾಟಿದ ಮೇಲೆ ಬಂದರೆ, ಅಷ್ಟೇ ಓವರಿಗೆ ಮೊದಲ ತಂಡ ಎಷ್ಟು ಹೊಡೆದಿತ್ತು ಎಂದು ನೋಡುವುದು. ಯಾರದು ಹೆಚ್ಚೋ ಅವರು ಗೆದ್ದಂತೆ. ಕೈಯಲ್ಲಿ ಎಷ್ಟು ವಿಕೆಟ್ ಉಳಿದಿದೆ ಎಂಬುದನ್ನು ಕೇಳುವ ಹಾಗಿಲ್ಲ.

ಈ ಕಟ್ಟಳೆ ನಡೆಯಬೇಕಾದರೆ ಕರೆಂಟ್ ಯಾವಾಗ ಬರುತ್ತದೆ ಎಂಬುದು ಇಬ್ಬರಿಗೂ ಒಂದೇ ಸಮ ಗೊತ್ತಿರಬೇಕು. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಆಡುವುದೇ ಬೇಡ, ಫಲಿತಾಂಶ ಬರೆದುಕೊಂಡು ಮನೆಗೆ ಹೋಗಬಹುದು. ಅದಕ್ಕೇ ಟಾಸ್ ಹಾಕುವ ಮೊದಲು ಇಬ್ಬರು ಕ್ಯಾಪ್ಟನ್‌ಗಳು ಮಾತ್ರ ನಡುವಿಗೆ ಹೋಗಿ, ಕರೆಂಟ್ ಎಷ್ಟು ಗಂಟೆಗೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಗೊತ್ತಿದ್ದವರು ಹೇಳಬೇಕು. ಆಮೇಲೆ ನಾಣ್ಯ ಚಿಮ್ಮಬೇಕು. ಕೇಳುವುದು ನಮಗೆ ಪೂಜೆಗೆ ಮೊದಲು ಕೈ ತೊಳೆದಷ್ಟೇ ಸಹಜವಾಗಿತ್ತು. ನಿಜ ಹೇಳಬೇಕೆಂದರೆ, ಕೇಳುತ್ತಿದ್ದವರು ಯಾವಾಗಲೂ ಹಳ್ಳಿಯವರು, ಹೇಳುತ್ತಿದ್ದವನು ನಮ್ಮ ಬೀದಿಯ ಕ್ಯಾಪ್ಟನ್ ಆದ ನಾನು. ಯಾಕೆಂದರೆ ಲೈನ್‌ಮ್ಯಾನ್ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗೆ ಇದ್ದ. ಬೆಳಿಗ್ಗೆ ನಮ್ಮ ಮನೆಯಲ್ಲೇ ಕಾಫಿ ಕುಡಿದು ಹೋಗುತ್ತಿದ್ದ. ಆ ದಿನ ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳದಿದ್ದರೂ ಹೇಳುತ್ತಿದ್ದ.

ನನ್ನ ಮಾತಿಗೆ ಬೆಲೆ ಬಂದದ್ದರ ಹಿಂದೆ ಒಂದು ಕಥೆ ಇದೆ. ನಮ್ಮಲ್ಲಿ ಬ್ಯಾಟ್ ಮಾಡುವ ತಂಡದವರೇ ಅಂಪೈರ್ ಆಗಿ ನಿಲ್ಲುವುದು ವಾಡಿಕೆ. ಬೇರೆ ಯಾರು ಬಿಸಿಲಲ್ಲಿ ಬಂದು ನಿಲ್ಲುತ್ತಾರೆ? ಒಂದು ಸಲ ಕೊನೆಯ ಓವರಿನಲ್ಲಿ ನನ್ನ ಸ್ವಂತ ತಮ್ಮ ರನ್ ಔಟ್ ಆದ. ಬೆರಳಗಲದ ಅಂತರ. ಕಣ್ಣು ಮುಚ್ಚಿಕೊಂಡಿದ್ದರೆ ನಾವು ಗೆಲ್ಲುತ್ತಿದ್ದೆವು. ನಾನು ಬೆರಳೆತ್ತಿದೆ, ಸೋತೆವು. ತಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆದರೆ ಅಂದಿನಿಂದ ಕೆರೆಯ ಎರಡೂ ದಡದಲ್ಲಿ ನಾನು ಹೇಳಿದ್ದೇ ಕೊನೆಯ ಮಾತಾಯಿತು. ನಾನಿಲ್ಲದ ಮ್ಯಾಚಿನ ಜಗಳವನ್ನೂ ನನ್ನ ಮಗ್ಗದ ಹತ್ತಿರಕ್ಕೆ ತಂದು ತೀರ್ಮಾನ ಕೇಳುತ್ತಿದ್ದರು. ನನಗೂ ಅದರ ರುಚಿ ಹತ್ತಿತ್ತು. ಒಳ್ಳೆಯವನೆನಿಸಿಕೊಳ್ಳುವ ಚಟ ಬೀಡಿ ಚಟಕ್ಕಿಂತ ಕೆಟ್ಟದ್ದು ಎಂದು ಆಗ ತಿಳಿದಿರಲಿಲ್ಲ.

ಹಳ್ಳಿಯ ತಂಡಕ್ಕೆ ಕ್ಯಾಪ್ಟನ್ ಒಬ್ಬ ಎಡಗೈ ಆಟಗಾರ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಅವನಷ್ಟು ತಾಳ್ಮೆಯಿಂದ ಆಡುವವನನ್ನು ನಾನು ಆ ಸುತ್ತಿನಲ್ಲಿ ನೋಡಿಲ್ಲ. ಮೊದಲ ಹತ್ತು ಓವರ್ ಒಂದೊಂದೇ ರನ್ ಕದಿಯುತ್ತಾ ಹೋಗುತ್ತಿದ್ದ. ನೋಡುವವರಿಗೆ ಆಕಳಿಕೆ ಬರಬೇಕು. ಕೊನೆಯ ಆರೇಳು ಓವರಿನಲ್ಲಿ ಒಬ್ಬನೇ ಹೊಡೆದು ಮುಗಿಸುತ್ತಿದ್ದ. ಬಾಯಿ ಮಾತು ಕಡಿಮೆ. ನನ್ನನ್ನು ಅಣ್ಣಾ ಎನ್ನುತ್ತಿದ್ದ. ಅವನ ತಂಗಿಯ ಮದುವೆ ಗೊತ್ತಾಗಿ, ಧಾರೆ ಸೀರೆ ನಮ್ಮ ಮನೆಯಲ್ಲೇ ನೇಯಿಸಲು ಹೇಳಿದ್ದರು. ಅವರ ಅಪ್ಪ ಬಂದು ಬಣ್ಣ, ಅಂಚು ಎಲ್ಲಾ ಮುಟ್ಟಿ ನೋಡಿ, ದುಡ್ಡು ಮೊದಲೇ ಕೊಟ್ಟು ಹೋಗಿದ್ದರು.

ಆ ವರ್ಷ ಬೇಸಿಗೆಯ ಟೂರ್ನಮೆಂಟಿನಲ್ಲಿ ಫೈನಲ್ ನಮಗೂ ಅವರಿಗೂ ಬಿತ್ತು. ಅಷ್ಟೇ ಆಗಿದ್ದರೆ ಏನೂ ಇರಲಿಲ್ಲ. ಆದರೆ ಊರ ಹೊರಗಿನ ಒಂದು ನೂಲಿನ ಗಿರಣಿಯವರು ತಮ್ಮದೊಂದು ತಂಡ ಕಟ್ಟುತ್ತಿದ್ದರು. ಒಬ್ಬ ಒಳ್ಳೆಯ ಆಟಗಾರನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಅವರ ಆಫೀಸರು ಫೈನಲ್ ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಗಿರಣಿಗೆ ಅದರದ್ದೇ ಜನರೇಟರು. ಕರೆಂಟ್ ಹೋದರೂ ಬಂದರೂ ತಿಂಗಳಾದ ಮೇಲೆ ಸಂಬಳ. ಕರೆಂಟಿಗಾಗಿ ಬಾಗಿಲಲ್ಲಿ ಕೂತು ಕಾಯುವ ನಮ್ಮಂಥವರಿಗೆ ಅದು ಎಂಥ ಆಸೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯವರ ಕಣ್ಣು ಎಡಗೈಯವನ ಮೇಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನ ಸಮಕ್ಕೆ ಇನ್ನೊಬ್ಬ ಯಾರಾದರೂ ಇದ್ದರೆ ಅದು ನನ್ನ ತಮ್ಮ. ವೇಗದ ಬೌಲರ್. ನಾಲ್ಕು ಮಗ್ಗದಲ್ಲಿ ಎರಡು ಸಂಸಾರ ಸಾಗುವುದಿಲ್ಲ, ಅವನಿಗೆ ಹೆಣ್ಣು ಕೊಡಲು ಬಂದವರು ಮಗ್ಗ ಎಣಿಸಿ ವಾಪಸು ಹೋಗುತ್ತಿದ್ದರು. ನಮ್ಮಮ್ಮ ಆ ಗಿರಣಿ ಕೆಲಸದ ಹೆಸರಿನಲ್ಲಿ ಹರಕೆ ಕಟ್ಟಿಕೊಂಡಿದ್ದಳು.

ಫೈನಲ್ ದಿನ ಬೆಳಿಗ್ಗೆ ಲೈನ್‌ಮ್ಯಾನ್ ಕಾಫಿ ಲೋಟ ಕೆಳಗಿಡುತ್ತಾ, "ಇವತ್ತು ಜಾಸ್ತಿ ಕೆಲಸ ಇಲ್ಲ ಕಣಪ್ಪ. ಮೂರಕ್ಕೆಲ್ಲಾ ಲೈನ್ ಬಿಟ್ಬಿಡ್ತೀವಿ" ಎಂದ. ಅವನು ಎಂದಿನಂತೆ ಹೇಳಿದ, ನಾನು ಎಂದಿನಂತೆ ತಲೆಯಾಡಿಸಿದೆ. ಅವನ ಸೈಕಲ್ ಬೀದಿ ತಿರುವು ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಹನ್ನೆರಡೂವರೆಗೆ ಆಟ ಶುರು. ಎರಡನೆಯವರು ಹನ್ನೆರಡನೇ ಓವರ್ ಆಡುತ್ತಿರುವಾಗ ಮೂರು ಗಂಟೆ. ಆ ಹೊತ್ತಿಗೆ ಎಡಗೈಯವನು ಇನ್ನೂ ಒಂದೊಂದೇ ರನ್ ಕದಿಯುತ್ತಿರುತ್ತಾನೆ. ಯಾರೋ ನನ್ನ ಕಿವಿಯಲ್ಲಿ ಊದಿದರು, ಬುದ್ಧಿ ಕೆಟ್ಟು ಹೇಳಿಬಿಟ್ಟೆ ಎಂದೆಲ್ಲಾ ಬರೆಯಲು ಬರುವುದಿಲ್ಲ. ಬೆಳಗಿನ ಕಾಫಿಯಿಂದ ಟಾಸ್‌ವರೆಗೆ ನಾಲ್ಕು ಗಂಟೆ ಹೊತ್ತು ನನಗಿತ್ತು. ಚೆನ್ನಾಗಿ ಯೋಚನೆ ಮಾಡಿಯೇ ಹೋದೆ.

ನಡುವಿನಲ್ಲಿ ನಾವಿಬ್ಬರೇ ನಿಂತಿದ್ದೆವು. ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು, "ಕರೆಂಟ್ ಎಷ್ಟೊತ್ತಿಗಣ್ಣಾ?" ಎಂದ.

"ಐದಕ್ಕೆ" ಎಂದೆ.

ಅವನು ಇನ್ನೊಂದು ಮಾತು ಕೇಳಲಿಲ್ಲ. ಟಾಸ್ ನಾನು ಗೆದ್ದೆ, ಬ್ಯಾಟಿಂಗ್ ತೆಗೆದುಕೊಂಡೆ. ಅವನು ತನ್ನವರ ಹತ್ತಿರ ಹೋಗಿ ಐದರವರೆಗೂ ಟೈಮಿದೆ, ಅವಸರ ಬೇಡ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು. ನನ್ನವರಿಗೆ ನಾನು ಹೊತ್ತಿನ ವಿಚಾರವನ್ನೇ ಎತ್ತಲಿಲ್ಲ. ಮೊದಲನೇ ಚೆಂಡಿನಿಂದಲೇ ಬೀಸಿ, ಔಟಾದರೆ ಆಗಲಿ ಎಂದೆ ಅಷ್ಟೇ. ನಮ್ಮವರು ಬೀಸಿದರು. ಹನ್ನೆರಡು ಓವರಿಗೆ ಎಪ್ಪತ್ತು ದಾಟಿದೆವು. ಆಮೇಲೆ ಒಬ್ಬರ ಹಿಂದೊಬ್ಬರು ಔಟಾಗಿ ನೂರರ ಆಚೀಚೆ ಮುಗಿದೆವು. ಇದೇನು ಹುಚ್ಚಾಟ ಎಂದು ನಮ್ಮ ವಿಕೆಟ್‌ಕೀಪರ್ ನನ್ನ ಮೇಲೆ ರೇಗಿದ. ಗಿರಣಿಯ ಆಫೀಸರು ಬೇವಿನ ಮರದ ಕೆಳಗೆ ಮಡಿಸುವ ಕುರ್ಚಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ಎಡಗೈಯವನು ಆ ದಿನ ಆಡಿದ್ದನ್ನು ನಾನು ಮರೆಯುವುದಿಲ್ಲ. ನನ್ನ ತಮ್ಮ ಬೆಂಕಿಯಂತೆ ಹಾಕುತ್ತಿದ್ದ. ಅವನು ಒಂದನ್ನೂ ಅಡ್ಡಾದಿಡ್ಡಿ ಮುಟ್ಟಲಿಲ್ಲ. ಬಂದ ಚೆಂಡನ್ನು ಕಾಲಬುಡದಲ್ಲಿ ಸಾಯಿಸಿ, ಸಡಿಲ ಸಿಕ್ಕಿದ್ದನ್ನು ಮಾತ್ರ ತಳ್ಳಿ ಓಡುತ್ತಿದ್ದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಲ್ಲ, ಒಂದು ಬಗೆಯ ಸಿಟ್ಟು ಬಂತು. ಹೊಡೆಯಬಾರದೇನೋ, ಒಂದೆರಡು ಹೊಡೆದು ಮುಂದೆ ಹೋಗಿಬಿಡಬಾರದೇನೋ ಎಂದು ಒಳಗೊಳಗೇ ಅವನನ್ನೇ ಬೈದೆ. ಅವನು ಮುಂದೆ ಹೋಗಿಬಿಟ್ಟಿದ್ದರೆ ನನ್ನ ಸುಳ್ಳು ಕೆಲಸಕ್ಕೆ ಬಾರದೆ ಬಿದ್ದುಹೋಗುತ್ತಿತ್ತು. ಹನ್ನೆರಡು ಓವರ್ ಮುಗಿದಾಗ ಐವತ್ತಾರಕ್ಕೆ ಒಂದು ವಿಕೆಟ್. ಎಂಟು ಓವರ್ ಬಾಕಿ, ಒಂಬತ್ತು ವಿಕೆಟ್ ಕೈಯಲ್ಲಿ. ಆಟ ಗೊತ್ತಿದ್ದ ಯಾರನ್ನು ಕೇಳಿದರೂ ಅವರೇ ಗೆಲ್ಲುತ್ತಾರೆ ಎನ್ನುತ್ತಿದ್ದರು.

ಅಷ್ಟರಲ್ಲಿ ನಮ್ಮ ಬೀದಿಯಿಂದ ಒಂದು ಮಗ್ಗದ ಸದ್ದು ಬಂತು. ಆಮೇಲೆ ಎರಡು, ಆಮೇಲೆ ಇಡೀ ಬೀದಿ.

ಎಲ್ಲರೂ ನಿಂತಲ್ಲೇ ನಿಂತರು. ಅವನು ಬ್ಯಾಟ್ ನೆಲಕ್ಕೂರಿ ನನ್ನನ್ನು ನೋಡಿದ. ಹತ್ತಿರ ಹೋಗಿ, ಅವನಿಗಷ್ಟೇ ಕೇಳುವಂತೆ, ಕೆಲಸ ಬೇಗ ಮುಗಿಯಿತೇನೋ ಕಣಪ್ಪ ಎಂದೆ. ಅವನು ನಂಬಿದ. ಕಟ್ಟಳೆಯ ಪ್ರಕಾರ ಹನ್ನೆರಡು ಓವರಿನ ಲೆಕ್ಕದಲ್ಲಿ ಗೆದ್ದವರು ನಾವು. ಕೈ ಕುಲುಕಿ, ಚೆನ್ನಾಗಿ ಹಾಕಿದಿರಿ ಎಂದು ನನ್ನ ತಮ್ಮನ ಬೆನ್ನು ತಟ್ಟಿ, ಪ್ಯಾಡ್ ಬಿಚ್ಚುತ್ತಲೇ ಸೈಕಲ್ಲಿನ ಕಡೆ ಓಡಿದ. ಹಿಪ್ಪುನೇರಳೆಗೆ ನೀರು ಕಟ್ಟಬೇಕಿತ್ತು. ಆಫೀಸರು ಎದ್ದು ಹೊರಡುವಾಗ ಇಬ್ಬರ ಹೆಸರನ್ನೂ ಬರೆದುಕೊಂಡರು. ಇಬ್ಬರೂ ಚೆನ್ನಾಗಿಯೇ ಆಡಿದ್ದಾರೆ, ಎಂಟು ದಿನ ಬಿಟ್ಟು ಹೇಳಿ ಕಳಿಸುತ್ತೇನೆ ಎಂದರು. ಅಂದರೆ ಇಷ್ಟೆಲ್ಲಾ ಮಾಡಿಯೂ ಕೆಲಸ ನಮ್ಮ ಕೈಗೆ ಬಂದಿರಲಿಲ್ಲ.

ಅದು ಬರುವ ದಾರಿ ನಾಲ್ಕು ದಿನದಲ್ಲಿ ತೆರೆಯಿತು, ಬೇರೆಯೇ ಕಡೆಯಿಂದ. ಲೈನ್‌ಮ್ಯಾನ್ ಕಂಬದ ಕೆಲಸಕ್ಕೆ ಆ ಹಳ್ಳಿಗೆ ಹೋಗಿದ್ದಾಗ ಯಾರೋ ಅವನನ್ನು ತಡೆದು, ಐದಕ್ಕೆ ಬರಬೇಕಾದ ಕರೆಂಟನ್ನು ಮೂರಕ್ಕೇ ಬಿಟ್ಟು ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲ ಎಂದು ತಮಾಷೆ ಮಾಡಿದರಂತೆ. ಅವನು ಅಷ್ಟೇ ಮುಗ್ಧವಾಗಿ, ಐದು ಅಂತ ಯಾರು ಹೇಳಿದ್ದು, ಮೂರಕ್ಕೆ ಅಂತ ಮಗ್ಗದ ಬೀದಿಯ ಕ್ಯಾಪ್ಟನ್‌ಗೆ ಬೆಳಿಗ್ಗೆಯೇ ಹೇಳಿದ್ದೆನಲ್ಲ ಎಂದನಂತೆ. ಅಲ್ಲಿಗೆ ಮಾತು ಎರಡು ದಾರಿ ಹಿಡಿಯಬೇಕಿತ್ತು. ಒಂದೋ ನಾನು ಎಡಗೈಯವನಿಗೆ ಸುಳ್ಳು ಹೇಳಿದ್ದೇನೆ, ಇಲ್ಲಾ ಅವನು ತನ್ನವರಿಗೆ ಸುಳ್ಳು ಹೇಳಿದ್ದಾನೆ. ಟಾಸ್ ಹೊತ್ತಿನಲ್ಲಿ ನಡುವೆ ಇದ್ದವರು ನಾವಿಬ್ಬರೇ.

ನಾನು ತಮ್ಮನನ್ನೇ ಔಟ್ ಕೊಟ್ಟವನು. ನನ್ನ ಮೇಲೆ ಅನುಮಾನ ಯಾಕೆ ಬರುತ್ತದೆ? ಅನುಮಾನವೆಲ್ಲಾ ಅವನ ಮೇಲೆ ಹೋಯಿತು. ಒಂಬತ್ತು ವಿಕೆಟ್ ಇಟ್ಟುಕೊಂಡು ಯಾಕೆ ಆಮೆಯ ಹಾಗೆ ಆಡಿದ ಎಂದು ಈಗ ಅವರಿಗೆ ಉತ್ತರ ಸಿಕ್ಕಿತು. ಮ್ಯಾಚ್ ಆದ ಮಾರನೆಯ ದಿನ ನಾನೇ ಸೈಕಲ್ಲಿನ ಮೇಲೆ ಅವರ ಮನೆಗೆ ಧಾರೆ ಸೀರೆಯನ್ನು ಕೊಂಡುಹೋಗಿ ಕೊಟ್ಟದ್ದನ್ನು ಹಳ್ಳಿಯಲ್ಲಿ ಹತ್ತು ಜನ ನೋಡಿದ್ದರು. ಸೀರೆಗೆ ಮ್ಯಾಚ್ ಮಾರಿಕೊಂಡ ಎಂಬ ಮಾತು ಹುಟ್ಟಲು ಇನ್ನೇನು ಬೇಕು?

ನನಗೆ ಈ ಸುದ್ದಿ ಮುಟ್ಟಿದ ಸಂಜೆಯೇ ಅವನ ಅಪ್ಪ ನಮ್ಮ ಮನೆಗೆ ಬಂದರು. ಅರವತ್ತರ ಹತ್ತಿರದವರು. ಬಿಳಿ ಅಂಗಿ, ಹೆಗಲ ಮೇಲೆ ಟವಲು. ಕರೆಂಟಿತ್ತು, ನಾಲ್ಕೂ ಮಗ್ಗ ಓಡುತ್ತಿದ್ದವು, ಒಬ್ಬರ ಮಾತು ಒಬ್ಬರಿಗೆ ಕೇಳುವ ಹಾಗಿರಲಿಲ್ಲ. ನಾನು ನನ್ನ ಮಗ್ಗ ನಿಲ್ಲಿಸಿ ಅವರನ್ನು ಜಗಲಿಗೆ ಕರೆದುಕೊಂಡು ಬಂದೆ. ಅಮ್ಮ ಕಾಫಿ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ.

"ಸೀರೆ ದುಡ್ಡು ನಾನೇ ಎಣಿಸಿ ಕೊಟ್ಟಿದ್ದು, ಆ ಮಾತು ಬಿಡು. ಜನ ಏನಾದ್ರೂ ಅಂತಾರೆ" ಎಂದರು. ಆಮೇಲೆ ಹೆಗಲ ಮೇಲಿನ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ನೀನು ಸುಳ್ಳು ಹೇಳೋನಲ್ಲ ಕಣಪ್ಪ. ಅದಕ್ಕೇ ಬಂದೆ. ನನ್ನ ಮಗನಿಗೆ ಎಷ್ಟು ಗಂಟೆ ಅಂತ ಹೇಳ್ದೆ?" ಎಂದು ಕೇಳಿದರು.

ಐದು ಎಂದರೆ ನಾನು ಮುಗಿದೆ. ಅಷ್ಟೇ ಅಲ್ಲ, ಆಫೀಸರ ಕಿವಿಗೆ ಹೋಗುತ್ತದೆ, ತಮ್ಮನ ಕೆಲಸವೂ ಮುಗಿಯಿತು. ಒಳಗೆ ತಮ್ಮ ಮಗ್ಗ ನಡೆಸುತ್ತಿದ್ದ, ಬಾಗಿಲ ಹಿಂದೆ ಅಮ್ಮ ನಿಂತಿದ್ದಳು. ಇವೆಲ್ಲಾ ನಿಜವೇ. ಆದರೆ ಆ ಗಳಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮ್ಮನೂ ಅಲ್ಲ, ತಮ್ಮನೂ ಅಲ್ಲ. ನೀನು ಸುಳ್ಳು ಹೇಳುವವನಲ್ಲ ಎಂದು ಅವರು ಹೇಳಿದ ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಮೂರು ಅಂತಾನೇ ಹೇಳಿದ್ದೆ ಯಜಮಾನ್ರೇ" ಎಂದೆ.

ಅವರು ಕೇಳಿಸಲಿಲ್ಲವೇನೋ ಎಂಬಂತೆ ಕೂತಿದ್ದರು. ನಾನು ಇನ್ನೊಂದು ಸಲ ಹೇಳಬೇಕಾಗುತ್ತದೇನೋ ಎಂದು ಹೆದರಿದೆ. ಅವರು ಟವಲಿನಿಂದ ಬಾಯಿ ಒರೆಸಿಕೊಂಡು, ಆಯ್ತು ಎಂದು ಎದ್ದರು. ಮೆಟ್ಟಿಲಿಳಿಯುವಾಗ ಚಪ್ಪಲಿ ಹುಡುಕಲು ತುಂಬಾ ಹೊತ್ತು ಹಿಡಿಯಿತು. ಅವು ಅಲ್ಲೇ ಕಾಲ ಮುಂದೆ ಇದ್ದವು. ನಾನೇ ಬಗ್ಗಿ ಸರಿಮಾಡಿ ಕೊಟ್ಟೆ. ಒಳಗೆ ಬಂದು ಮಗ್ಗ ಶುರು ಮಾಡಿದೆ. ಆ ಸಂಜೆ ನೇಯ್ದ ಸೀರೆಯಲ್ಲಿ ಮೂರು ಕಡೆ ನೂಲು ತಪ್ಪಿತ್ತು, ಅಂಗಡಿಯವರು ಬೆಲೆ ಕಡಿಮೆ ಮಾಡಿ ತೆಗೆದುಕೊಂಡರು.

ವಾರ ಕಳೆಯುವಷ್ಟರಲ್ಲಿ ಗಿರಣಿಯಿಂದ ತಮ್ಮನಿಗೆ ಕೆಲಸಕ್ಕೆ ಕರೆ ಬಂತು. ಮ್ಯಾಚ್ ಮಾರಿಕೊಂಡವನನ್ನು ಇಟ್ಟುಕೊಂಡು ನಾವು ತಂಡ ಕಟ್ಟುವುದು ಹೇಗೆ ಎಂದು ಆಫೀಸರು ಹೇಳಿದರಂತೆ. ಅಮ್ಮ ಹರಕೆ ತೀರಿಸಿ ಬೀದಿಗೆಲ್ಲಾ ಸಿಹಿ ಹಂಚಿದಳು. ಎಡಗೈಯವನು ಆಟ ಬಿಟ್ಟ. ಅವನ ಊರಿನವರೇ ಬಿಡಿಸಿದರೋ ಅವನೇ ಬಿಟ್ಟನೋ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಮುಂದಿನ ವರ್ಷದಿಂದ ಆ ಹಳ್ಳಿಯ ತಂಡಕ್ಕೆ ಬೇರೆಯವನು ಕ್ಯಾಪ್ಟನ್. ಅವನೂ ಟಾಸ್‌ಗೆ ಮೊದಲು ಕರೆಂಟಿನ ವಿಚಾರ ಕೇಳುತ್ತಿದ್ದ, ನಾನೂ ಹೇಳುತ್ತಿದ್ದೆ. ಒಂದು ನಿಮಿಷವೂ ಹೆಚ್ಚು ಕಡಿಮೆ ಇಲ್ಲದಂತೆ, ಸಂಶಯವಿದ್ದರೆ ಸಂಶಯವಿದೆಯೆಂದೇ ಹೇಳುತ್ತಿದ್ದೆ. ಇದರಿಂದ ನನ್ನ ಹೆಸರು ಇನ್ನೂ ದೊಡ್ಡದಾಯಿತು. ನೆಲಮಂಗಲ, ದೇವನಹಳ್ಳಿ ಕಡೆಯ ಟೂರ್ನಮೆಂಟಿಗೂ ಅಂಪೈರ್ ಆಗಿ ಬನ್ನಿ ಎಂದು ಕರೆಯುತ್ತಿದ್ದರು. ಒಂದು ಕಡೆ ಶಾಲು ಹೊದಿಸಿ, ನ್ಯಾಯಕ್ಕೆ ಹೆಸರಾದವರು ಎಂದು ಮೈಕಿನಲ್ಲಿ ಹೇಳಿದರು. ನಾನು ಶಾಲು ಹೊದ್ದು ನಿಂತಿದ್ದೆ. ಬೇಡ ಎನ್ನಲಿಲ್ಲ.

ಸಂತೆಯಲ್ಲಿ ಒಂದೆರಡು ಸಲ ಎಡಗೈಯವನು ಕಂಡ. ಒಮ್ಮೆ ರೇಷ್ಮೆ ಗೂಡಿನ ಮಾರುಕಟ್ಟೆಯ ಹೊರಗೆ ತೀರಾ ಎದುರಿಗೇ ಸಿಕ್ಕ. ನಾನು ತಲೆ ತಗ್ಗಿಸಿದೆ. ಅವನು ತಗ್ಗಿಸಲಿಲ್ಲ. ನನ್ನನ್ನು ನೋಡಿ, ತನ್ನ ಬುಟ್ಟಿ ಎತ್ತಿಕೊಂಡು ಹೋದ. ಅಪ್ಪ ಮಗ ಒಂದೇ ಮನೆಯಲ್ಲಿದ್ದರೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವುದಿಲ್ಲವಂತೆ ಎಂದು ಆ ಊರಿನವರೊಬ್ಬರು ಸೀರೆ ಕೊಳ್ಳಲು ಬಂದಾಗ ಅಮ್ಮನ ಹತ್ತಿರ ಹೇಳುತ್ತಿದ್ದರು. ನಾನು ಮಗ್ಗದ ವೇಗ ಹೆಚ್ಚಿಸಿದೆ.

ಹೀಗೆ ಆರು ವರ್ಷ ಹೋಯಿತು. ತೊಂಬತ್ತರ ದಶಕದ ಕೊನೆಗೆ ಪೇಪರಿನಲ್ಲಿ ಬೇರೆ ಸುದ್ದಿ ಬರತೊಡಗಿತು. ದೊಡ್ಡ ದೊಡ್ಡ ಆಟಗಾರರು ದುಡ್ಡು ತೆಗೆದುಕೊಂಡು ಬೇಕೆಂದೇ ಸೋಲುತ್ತಾರಂತೆ, ಪಿಚ್ ಹೇಗಿದೆ ಹವಾ ಹೇಗಿದೆ ಎಂಬ ಒಳಗುಟ್ಟನ್ನು ಹೊರಗಿನವರಿಗೆ ಮಾರುತ್ತಾರಂತೆ ಎಂಬ ಗುಸುಗುಸು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಮ್ಮ ಹಳೆಯ ತಂಡದವರು ಕೂತು ಇದೇ ಮಾತು. ಮಗ್ಗ ನಿಲ್ಲಿಸಿ ಟಿವಿ ಮುಂದೆ ಕೂತಿದ್ದೆವಲ್ಲ, ನಮ್ಮ ಹೊಟ್ಟೆ ಉರಿಸಿದರಲ್ಲ ಎಂದು ವಿಕೆಟ್‌ಕೀಪರ್ ಮೇಜು ಗುದ್ದಿದ. ಆಮೇಲೆ ನನ್ನ ಕಡೆ ತಿರುಗಿ, ನೀನು ಹೇಳು ಗುರು, ನಿನ್ನಂಥವನು ಒಬ್ಬ ಅಲ್ಲಿದ್ದಿದ್ದರೆ ಹೀಗಾಗುತ್ತಿತ್ತಾ ಎಂದ.

ಅಲ್ಲಿ ಅದು ಬಾಯಿಂದ ಬಿದ್ದುಹೋಯಿತು. ಕಾಫಿ, ಲೈನ್‌ಮ್ಯಾನ್, ಐದು, ಮೂರು, ಎಲ್ಲವನ್ನೂ ಹೇಳಿದೆ. ಉಗಿಯುತ್ತಾರೆ ಅಂದುಕೊಂಡಿದ್ದೆ. ವಿಕೆಟ್‌ಕೀಪರ್ ಒಂದು ಕ್ಷಣ ಬಾಯಿ ತೆರೆದು ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅದಕ್ಕಾ ಅವತ್ತು ಮೊದಲನೇ ಚೆಂಡಿಂದ ಬೀಸಿ ಅಂದಿದ್ದು, ಎಂಥಾ ತಲೆ ಗುರು ನಿಂದು ಎಂದು ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು. ಇನ್ನೊಂದು ಟೀ ಹೇಳಿದರು. ಅವರ ಪ್ರಕಾರ ಪೇಪರಿನಲ್ಲಿ ಬಂದ ಆಟಗಾರರು ಮಾಡಿದ್ದು ದ್ರೋಹ, ನಾನು ಮಾಡಿದ್ದು ಜಾಣತನ. ನನಗೆ ಮೈಯೆಲ್ಲಾ ಉರಿದುಹೋಯಿತು. ಟೀ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಆಗ ಗಿರಣಿಯಲ್ಲಿ ಕಾಯಂ ಆಗಿದ್ದ, ಮದುವೆಯಾಗಿ ಮಗುವಿತ್ತು. ಅವನು ನಗಲಿಲ್ಲ. ಗೋಡೆಯ ಮೇಲೆ ಆ ಫೈನಲ್ಲಿನ ಕಪ್ ಹಿಡಿದು ನಿಂತ ಅವನ ಫೋಟೋ ಇತ್ತು. ಅದನ್ನೇ ನೋಡುತ್ತಾ, "ನಾನು ಚೆನ್ನಾಗಿ ಬೌಲ್ ಮಾಡಿದ್ದಕ್ಕೆ ಕೆಲಸ ಸಿಕ್ತು ಅಂದ್ಕೊಂಡಿದ್ದೆ ಕಣಣ್ಣ" ಎಂದ. ಎದ್ದು ಒಳಗೆ ಹೋದ. ಇವನಿಂದಲೂ ಏನೋ ಒಂದನ್ನು ನಾನು ಕಿತ್ತುಕೊಂಡಿದ್ದೆ ಎಂದು ಅಂದೇ ಗೊತ್ತಾದದ್ದು.

ಮಾರನೆಯ ಬೆಳಿಗ್ಗೆ ಸೈಕಲ್ ಹತ್ತಿ ಕೆರೆ ಏರಿಯ ಮೇಲೆ ಆ ಹಳ್ಳಿಗೆ ಹೋದೆ. ಕರೆಂಟಿತ್ತು. ತೋಟದ ಬದಿಯ ಪಂಪ್ ಮನೆಯ ಮುಂದೆ, ಕಲ್ಲು ಚಪ್ಪಡಿಯ ಮೇಲೆ ಎಡಗೈಯವನ ಅಪ್ಪ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ದೂರದಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಅವನು ಸನಿಕೆ ಹಿಡಿದು ನೀರು ತಿರುಗಿಸುತ್ತಿದ್ದ. ಈಗಲೂ ಬ್ಯಾಟ್ ಹಿಡಿದ ಹಾಗೆಯೇ, ಎಡಗೈ ಕೆಳಗೆ, ಬಲಗೈ ಮೇಲೆ.

ಅವರು ನನ್ನನ್ನು ಗುರುತು ಹಿಡಿದು, ಬಾಪ್ಪಾ ಕೂತ್ಕೋ ಎಂದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಗಿರಣಿ ಕೆಲಸ, ತಮ್ಮನ ಮದುವೆ, ಮನೆಯ ಕಷ್ಟ. ಒಂದೂ ಹೊರಗೆ ಬರಲಿಲ್ಲ. "ಯಜಮಾನ್ರೇ, ನಾನು ಅವತ್ತು ನಿಮಗೆ ಸುಳ್ಳು ಹೇಳ್ದೆ. ನಿಮ್ಮ ಮಗನಿಗೆ ನಾನು ಐದು ಅಂತಾನೇ ಹೇಳಿದ್ದು" ಎಂದೆ.

ಪಂಪಿನ ಬಾಯಿಂದ ನೀರು ತೊಟ್ಟಿಗೆ ಸುರಿಯುತ್ತಿತ್ತು. ಅವರು ಬೈಯಲಿ, ಕೈಯಲ್ಲಿದ್ದ ಕೋಲಿನಿಂದ ಒಂದು ಬಿಡಲಿ ಎಂದು ಕಾದೆ. ಊರ ಕಟ್ಟೆಗೆ ಬಂದು ಎಲ್ಲರ ಮುಂದೆ ಹೇಳುತ್ತೇನೆ, ಬೇಕಾದರೆ ಈಗಲೇ ಬರುತ್ತೇನೆ ಎಂದೆ. ಅವರು ಊರಿನ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಅವನೂ ಐದು ಅಂತಾನೇ ಹೇಳ್ದ" ಎಂದರು. "ನನ್ನ ಕಾಲು ಹಿಡ್ಕೊಂಡು ಹೇಳ್ದ. ನಾನು ನಿನ್ನ ಮಾತು ನಂಬಿದೆ."

ಇಷ್ಟು ಹೇಳಿ ಕೋಲೂರಿ ಎದ್ದರು. ಹಿಡಿದುಕೊಳ್ಳಲು ಕೈ ಚಾಚಿದೆ, ಬೇಡವೆಂದು ತಲೆಯಾಡಿಸಿದರು. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಕೆಸರಿಗಿಳಿದರು. ಸಾಲಿನಿಂದ ಸಾಲಿಗೆ ದಾಟುತ್ತಾ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಮಗನ ಹತ್ತಿರ ಹೋದರು. ನಾನು ಪಂಪ್ ಮನೆಯ ಹತ್ತಿರವೇ ನಿಂತಿದ್ದೆ. ಮೋಟಾರಿನ ಸದ್ದಿನಲ್ಲಿ ಅವರ ಮಾತು ನನಗೆ ಕೇಳಿಸಲಿಲ್ಲ. ಅವನು ಸನಿಕೆ ಊರಿ ಕೇಳಿಸಿಕೊಳ್ಳುತ್ತಿದ್ದುದು ಮಾತ್ರ ಕಂಡಿತು. ಅಪ್ಪ ಏನೋ ಹೇಳಿ ನಿಲ್ಲಿಸಿದರು, ಮತ್ತೆ ಹೇಳಿದರು. ಆಮೇಲೆ ಆ ಮುದುಕರು ಬಗ್ಗತೊಡಗಿದರು, ಮಗನ ಕಾಲಿನ ಕಡೆಗೆ. ಅವನು ಸನಿಕೆ ಬಿಸಾಡಿ, ಅವರ ಎರಡೂ ರಟ್ಟೆ ಹಿಡಿದು ಮೇಲೆತ್ತಿದ. ಹಾಗೇ ಹಿಡಿದುಕೊಂಡು ನಿಂತ. ತಿರುಗಿಸುವವರಿಲ್ಲದೆ ನೀರು ಬದು ಒಡೆದು ಪಕ್ಕದವರ ಹೊಲಕ್ಕೆ ನುಗ್ಗುತ್ತಿತ್ತು, ಇಬ್ಬರೂ ಅದನ್ನು ನೋಡಲಿಲ್ಲ.

ನನ್ನ ಕಡೆಗೂ ನೋಡಲಿಲ್ಲ.